ಲಾಲ್ ಸಾಬರ ಉಬ್ಬರ

ಹಿರಿಯೂರಿನ ಲಾಲ್ ಸಾಬರಿಗೆ ಉಬ್ಬರವೆಂದರೆ ಹೊಟ್ಟೆಯದು ಎಂದಷ್ಟೇ ಗೊತ್ತಿತ್ತು. ಅರವತ್ತಕ್ಕೆ ಎರಡು ಕಡಿಮೆ ವಯಸ್ಸಾಗುವವರೆಗೂ ಅವರು ಈ ತಿಳಿವಳಿಕೆಯಲ್ಲೇ ಸುಖವಾಗಿದ್ದರು. ಮದುವೆ ಮನೆಯಲ್ಲಿ ಎರಡನೇ ಸಲ ಬಿರಿಯಾನಿ ಹಾಕಿಸಿಕೊಂಡರೆ ಉಬ್ಬರ ಬರುತ್ತದೆ, ಓಂಕಾಳು ಜಗಿದರೆ ಇಳಿಯುತ್ತದೆ. ಇಷ್ಟನ್ನೇ ನಂಬಿಕೊಂಡು ಅವರು ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮೂವತ್ತನಾಲ್ಕು ವರ್ಷ ತೆಪ್ಪ ಹಾಕಿ ಮೀನು ಹಿಡಿದರು. ತೆಪ್ಪ ಒಂದು ದಿನವೂ ಮಗುಚಲಿಲ್ಲ. ಅವರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಇನ್ನೊಂದು ಹತ್ತು ವರ್ಷ ಹೀಗೇ ಹಿಡಿಯುತ್ತಿದ್ದರು. ಆದರೆ ಮನುಷ್ಯನನ್ನು ಅವನ ಪಾಡಿಗೆ ಬಿಡುವ ಯೋಜನೆ ಯಾವ ಇಲಾಖೆಯಲ್ಲೂ ಇನ್ನೂ ಮಂಜೂರಾಗಿಲ್ಲ.

ಅವರದು ಕಲಾಯಿ ಹಾಕುವ ಮನೆತನ. ದುರ್ಗದ ನಾಯಕರ ಕಾಲದಲ್ಲೋ ನವಾಬರ ಕಾಲದಲ್ಲೋ ಬಂದು ಊರಲ್ಲಿ ನೆಲೆಯಾದವರು. ಯಾರ ಕಾಲ ಎಂಬುದು ಕೇಳುವವರ ಮುಖ ನೋಡಿಕೊಂಡು ಬದಲಾಗುತ್ತಿತ್ತು. ಅಜ್ಜ ಮತ್ತು ಅಪ್ಪ ಯಲ್ಲದಕೆರೆಯವರೆಗೂ ಹಳ್ಳಿ ಹಳ್ಳಿ ತಿರುಗಿ ತಾಮ್ರದ ಹಂಡೆಗಳನ್ನು ಬೆಳಗಿದರು. ಲಾಲ್ ಸಾಬರ ಕೈಗೆ ತಿದಿ ಬರುವ ಹೊತ್ತಿಗೆ ಸರಿಯಾಗಿ ಎಲ್ಲರ ಮನೆಗೂ ಸ್ಟೀಲು ಬಂತು. ಸ್ಟೀಲಿನ ಮೇಲೆ ಎಷ್ಟು ದಿನ ಸಿಟ್ಟು ಮಾಡಿಕೊಂಡು ಕೂತಿರಲು ಸಾಧ್ಯ? ಕಣಿವೆಯ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಚಿಕ್ಕತಿಮ್ಮಪ್ಪನ ತೆಪ್ಪಕ್ಕೆ ಟಾರು ಬಳಿದುಕೊಡಲು ಹೋದವರು ಅಲ್ಲೇ ಉಳಿದರು. ಟಾರು ಬಳಿಯುವುದು ಕಲಾಯಿ ಹಾಕಿದಷ್ಟು ಕಷ್ಟವಲ್ಲ. ಹುಟ್ಟು ಹಾಕುವುದನ್ನು ಚಿಕ್ಕತಿಮ್ಮಪ್ಪ ಒಂದು ವಾರದಲ್ಲಿ ಕಲಿಸಿದ, ಬಲೆ ಬಿಡುವುದನ್ನು ಒಂದು ತಿಂಗಳಲ್ಲಿ. ಮೂರನೆಯ ಪಾಠಕ್ಕೆ ಮಾತ್ರ ವರ್ಷಗಳೇ ಹಿಡಿದವು.

"ನೀರಿಗೆ ಹೋಗಾದು ಯಾರಿಗಾದ್ರೂ ಬರ್ತದೆ ಕಣೋ ಸಾಬ. ಹೋಗ್ದೆ ಇರಾದು ಕಲಿ" ಎನ್ನುತ್ತಿದ್ದ.

ಕಲಿಸಿದವನೇ ಆ ಪಾಠದಲ್ಲಿ ತಪ್ಪಿದ. ಹನ್ನೊಂದು ವರ್ಷದ ಹಿಂದೆ ಹೊಸದುರ್ಗದ ಕಡೆಯಿಂದ ಬಂದಿದ್ದ ಬೀಗರು ಹಾಲುರಾಮೇಶ್ವರಕ್ಕೆ ಹೋಗಿ ಕೈಮುಗಿದು, ಬರುವ ದಾರಿಯಲ್ಲಿ ತೆಪ್ಪದಲ್ಲಿ ಒಂದು ಸುತ್ತು ಹಾಕಿಸು ಎಂದರು. ಚಿಕ್ಕತಿಮ್ಮಪ್ಪ ಗುಡ್ಡದ ಕಡೆ ನೋಡಿದ, ಬೀಗರ ಮುಖ ನೋಡಿದ. ಆಗಲ್ಲ ಅನ್ನಲು ದಾಕ್ಷಿಣ್ಯವಾಯಿತು. ಗಾಳಿಗೆ ತೆಪ್ಪ ಮಗುಚಿತು, ಬೀಗರು ಈಜಿ ಬಂದರು. ಚಿಕ್ಕತಿಮ್ಮಪ್ಪನನ್ನು ಮಾರನೆಯ ದಿನ ಲಾಲ್ ಸಾಬರೂ ಅವನ ಮಗ ಕಾಟಯ್ಯನೂ ಸೇರಿ ತಂದರು. ಲಾಲ್ ಸಾಬರಿಗೆ ಇವತ್ತಿಗೂ ಆ ಸಾವಿನ ಮೇಲೆ ದುಃಖಕ್ಕಿಂತ ಸಿಟ್ಟೇ ಜಾಸ್ತಿ. ಮೂರಕ್ಷರದ ಒಂದು ಮಾತು ಆಡಲಾರದೆ ಅಷ್ಟು ಒಳ್ಳೆಯ ಅಂಬಿಗ ಹೋಗಿಬಿಟ್ಟನಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಗುಡ್ಡದ ಕಡೆ ನೋಡುವುದೆಂದರೆ ಫ್ಯಾನು ನೋಡುವುದು. ಹಿನ್ನೀರಿನ ಸುತ್ತಲಿನ ಗುಡ್ಡಗಳ ಮೇಲೆ ಕರೆಂಟು ಮಾಡುವ ಗಾಳಿಯಂತ್ರಗಳು ನಿಂತಿವೆ. ಕಂಪನಿಯವರು ಅವನ್ನು ಏನೆಂದು ಕರೆಯುತ್ತಾರೋ, ಮೀನು ಹಿಡಿಯುವವರಿಗೆ ಅವು ಫ್ಯಾನುಗಳು. ಪಡುವಣ ಗುಡ್ಡದ ತುದಿಯ ಮೂರು ಫ್ಯಾನುಗಳು ಮುಖ ತಿರುಗಿಸಿ ಸುತ್ತಲು ಶುರುಮಾಡಿದವೆಂದರೆ, ಆ ಗಾಳಿ ಇಳಿದು ನೀರಿಗೆ ಬಡಿಯಲು ಒಂದು ಬೀಡಿ ಸೇದುವಷ್ಟು ಹೊತ್ತು ಬೇಕು. ಅಷ್ಟರೊಳಗೆ ದಂಡೆ ಸೇರಬೇಕು, ದಂಡೆಯಲ್ಲಿದ್ದರೆ ಅಲ್ಲೇ ಕೂರಬೇಕು. ಲಾಲ್ ಸಾಬರು ಬೀಡಿ ಬಿಟ್ಟು ಎಂಟು ವರ್ಷವಾಗಿದ್ದರೂ ಹೊತ್ತಿನ ಲೆಕ್ಕ ಈಗಲೂ ಬೀಡಿಯಲ್ಲೇ.

ಹೋದ ವರ್ಷ ಬೇಸಿಗೆಯಲ್ಲಿ ಅವರ ಮೀನು ಹಿಡಿಯುವ ಲೈಸೆನ್ಸು ಮುಗಿಯಿತು. ಅದಿಲ್ಲದವನು ಬಲೆ ಬಿಟ್ಟರೆ ಬಲೆಯನ್ನೂ ತೆಪ್ಪವನ್ನೂ ಎತ್ತಿಕೊಂಡು ಹೋಗುತ್ತಾರೆ. ಪ್ರತಿ ಸಲ ಅರ್ಜಿ ಕೊಟ್ಟರೆ ಸಾಕಿತ್ತು. ಈ ಸಲ ಮೀನುಗಾರಿಕೆ ಇಲಾಖೆಯವರು ತರಬೇತಿಯ ಸರ್ಟಿಫಿಕೇಟು ಬೇಕು ಎಂದರು. ಸರಿ ಎಂದು ಲಾಲ್ ಸಾಬರು ಕಾಟಯ್ಯನನ್ನು ಕರೆದುಕೊಂಡು ಹಿರಿಯೂರಿನ ಒಂದು ಸಮುದಾಯ ಭವನಕ್ಕೆ ಹೋದರು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು: "ಉಬ್ಬರವಿಳಿತದ ದೊಡ್ಡ ನದಿಗಳಲ್ಲಿ ಸಣ್ಣ ದೋಣಿಯ ಸುರಕ್ಷಿತ ಮೀನುಗಾರಿಕೆ." ಅಕ್ಷರಗಳ ಪಕ್ಕದಲ್ಲಿ ತೆಂಗಿನ ಮರ, ಕಡಲು, ಮುಳುಗುವ ಸೂರ್ಯ. ತೆಂಗಿನ ಮರವೊಂದು ಬಿಟ್ಟರೆ ಹಿರಿಯೂರಿನದು ಅಂತ ಅದರಲ್ಲಿ ಏನೂ ಇರಲಿಲ್ಲ.

ತರಬೇತಿ ಕೊಡಲು ಬಂದವರು ಕಿರಣ್‌ಕುಮಾರ್ ಎಂಬ ಅಧಿಕಾರಿ. ಐದು ವರ್ಷ ಕರಾವಳಿಯಲ್ಲಿದ್ದು ವರ್ಗವಾಗಿ ಬಂದಿದ್ದರು. ಮೃದು ಮಾತಿನವರು, ಕೈಯಲ್ಲಿದ್ದ ಪುಸ್ತಕವನ್ನು ಬಿಟ್ಟು ಅತ್ತಿತ್ತ ಅಲುಗದವರು.

"ಉಬ್ಬರ ಬಂದಾಗ ಮೊದಲು ಏನು ಮಾಡಬೇಕು? ಅನುಭವ ಇರೋರು ಹೇಳಿ" ಎಂದರು.

ಅನುಭವ ಎಂದ ಕೂಡಲೇ ಕಾಟಯ್ಯ ಲಾಲ್ ಸಾಬರ ಪಕ್ಕೆಗೆ ತಿವಿದ. ಲಾಲ್ ಸಾಬರು ಎದ್ದು ನಿಂತರು. "ಓಂಕಾಳು ಜಗೀಬೇಕು ಸಾರ್. ಅದಕ್ಕೂ ಇಳೀದಿದ್ರೆ ಜೀರಿಗೆ ಕಷಾಯ."

ಸಭೆಯಲ್ಲಿ ಯಾರೂ ನಗಲಿಲ್ಲ. ಉತ್ತರ ಎಲ್ಲರಿಗೂ ಸರಿಯೆನಿಸಿತ್ತು. ಹಿಂದಿನ ಸಾಲಿನಿಂದ ಒಬ್ಬ "ಸೋಡಾ ಕುಡುದ್ರೂ ನಡೀತದೆ ಸಾರ್" ಎಂದು ತಿದ್ದುಪಡಿಯನ್ನೂ ಸೂಚಿಸಿದ. ಕಿರಣ್‌ಕುಮಾರ್ 'ಸ್ಥಳೀಯ ಪಾರಂಪರಿಕ ಜ್ಞಾನ' ಎಂಬ ಖಾಲಿ ಜಾಗವೊಂದು ಫಾರಂನಲ್ಲಿ ಇದ್ದದ್ದು ನೆನಪಾಗಿ, ಓಂಕಾಳನ್ನು ಅಲ್ಲಿ ಬರೆದುಕೊಂಡರು.

ಆಮೇಲೆ ಬಿಡಿಸಿ ಹೇಳಿದರು. ಚಂದ್ರ ಕಡಲನ್ನು ಎಳೆಯುತ್ತಾನೆ. ದಿನಕ್ಕೆ ಎರಡು ಸಲ ಕಡಲು ಏರಿ ನದಿಯೊಳಗೆ ನುಗ್ಗುತ್ತದೆ, ಎರಡು ಸಲ ಹಿಂದೆ ಸರಿಯುತ್ತದೆ. ಏರುವುದು ಉಬ್ಬರ, ಸರಿಯುವುದು ಇಳಿತ. ಇಳಿತದ ಸೆಳೆತಕ್ಕೆ ಸಣ್ಣ ದೋಣಿ ಸಿಕ್ಕಿದರೆ ಕಡಲಿಗೇ ಹೋಯಿತು. ಆದ್ದರಿಂದ ಇಳಿತದಲ್ಲಿ ಇಳಿಯಬೇಡಿ, ಉಬ್ಬರ ತುಂಬಿ ನೀರು ನಿಂತ ಹೊತ್ತು ನೋಡಿ ಬಲೆ ಬಿಡಿ.

ಕಾಟಯ್ಯ ಕೈಯೆತ್ತಿದ. "ನಮ್ ವೇದಾವತಿ ಕಡ್ಲಿಗೆ ಹೋಗಾದು ಹಂಗಿರ್ಲಿ ಸಾರ್, ಊರ್ ಮುಂದಿನ ಸೇತ್ವೆ ದಾಟಾಕೇ ವರ್ಷಗಟ್ಲೆ ಯೋಚ್ನೆ ಮಾಡ್ತಾಳೆ. ನಮ್ ಕಣ್ವೇಲಿ ಈ ಉಬ್ರ ಎಲ್ಲೈತೆ?"

"ಇಲ್ಲ ಅಂತ ನನಗೂ ಗೊತ್ತಪ್ಪ" ಎಂದರು ಕಿರಣ್‌ಕುಮಾರ್, ದನಿ ತಗ್ಗಿಸಿ. "ಆದ್ರೆ ಫಾರಂನಲ್ಲಿ ಕಾಲಂ ಇದೆ."

ಪುಸ್ತಕ ಪೂರ್ತಿ ಕೆಟ್ಟದ್ದೇನಲ್ಲ ಎಂದು ಲಾಲ್ ಸಾಬರಿಗೆ ಎರಡನೆಯ ದಿನ ಅನ್ನಿಸಿತು. ಯಾವಾಗ ಬರುತ್ತೇನೆಂದು ದಂಡೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗು ಎಂದು ಬರೆದಿತ್ತು. ಅವರು ದಿನವೂ ಹೆಂಡತಿಗೆ ಹೇಳಿಯೇ ಹೋಗುವವರು. ನೀರು ಒಂದು ಕಡೆ ಎಳೆದು ಗಾಳಿ ಎದುರು ಬೀಸಿದರೆ ಅಲೆ ಗೋಡೆಯಂತೆ ಏಳುತ್ತದೆ ಎಂದಿತ್ತು. ಬಲೆ ಎಳೆಯುವಾಗ ಎದ್ದು ನಿಲ್ಲಬೇಡ, ಕಾಲಿಗೆ ಹಗ್ಗ ಸುತ್ತಿಕೊಳ್ಳದಂತೆ ನೋಡಿಕೋ ಎಂದಿತ್ತು. ಬರೆದವನು ನೀರು ಕಂಡವನೇ, ನಮ್ಮ ನೀರು ಕಂಡಿಲ್ಲ ಅಷ್ಟೇ ಎಂದುಕೊಂಡರು. ಮೂರನೆಯ ದಿನ ಲೈಫ್ ಜಾಕೆಟ್ ಕೊಟ್ಟರು. ಮೂವತ್ತು ಜನಕ್ಕೆ ನಾಲ್ಕು ಜಾಕೆಟ್. ಕೊರಳಿಂದ ಕೊರಳಿಗೆ ದಾಟಿ ಮೂವತ್ತೂ ಜನರ ಫೋಟೋ ಆಯಿತು. ಆಮೇಲೆ ಜಾಕೆಟ್‌ಗಳು ಸುರಕ್ಷಿತವಾಗಿ ಜೀಪಿಗೆ ವಾಪಸಾದವು.

ಹೊರಡುವಾಗ ಕಿರಣ್‌ಕುಮಾರ್ ನಿಜವಾದ ಬಾಂಬು ಹಾಕಿದರು. ಸರ್ಟಿಫಿಕೇಟು ಈಗಲೇ ಇಲ್ಲ. ಮೂರು ತಿಂಗಳು ದಿನವೂ ಮೊಬೈಲಿನಲ್ಲಿ ದಾಖಲೆ ತುಂಬಬೇಕು. ಯಾವಾಗ ಹೋದಿರಿ, ಯಾವಾಗ ಬಂದಿರಿ, ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ. ಒಂದು ಕಾಲಂ ಖಾಲಿ ಬಿಟ್ಟರೂ ಮೊಬೈಲು ಕೆಂಪಗಾಗಿ ನಿಂತುಬಿಡುತ್ತದೆ. ಅಲ್ಲಿಯವರೆಗೆ ಹಳೆಯ ಲೈಸೆನ್ಸೇ ನಡೆಯುತ್ತದೆ. ದಾಖಲೆ ಪೂರ್ತಿಯಾಗದಿದ್ದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಆ ಸಂಜೆ ಲಾಲ್ ಸಾಬರು ಮೊಬೈಲನ್ನು ಮುಂದಿಟ್ಟುಕೊಂಡು ತಲೆ ಕೆರೆಯುತ್ತ ಕೂತರು. ಹೆಂಡತಿ ನಸ್ರೀನ್‌ಬೀ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕಾಯುತ್ತಿದ್ದರು. ಗಂಡ ಹೆಂಡತಿಯದು ಮನೆಯಲ್ಲಿ ಉರ್ದು ಮಾತು. ಹಂಗಿಸಬೇಕಾದಾಗ ಮಾತ್ರ ನಸ್ರೀನ್‌ಬೀ ಕನ್ನಡಕ್ಕೆ ಬರುತ್ತಿದ್ದರು.

"ಏನ್ರೀ, ಆ ಫೋನು ಮೊಟ್ಟೆ ಇಡ್ತದಾ, ಹಂಗೆ ನೋಡ್ತೀರಲ್ಲ?"

ಲಾಲ್ ಸಾಬರು ಕಡಲು, ಚಂದ್ರ, ಕಾಲಂ ಎಲ್ಲ ಹೇಳಿದರು. ನೀರು ಬರುವ ಹೊತ್ತು ಬರೆಯಬೇಕು, ಹೋಗುವ ಹೊತ್ತು ಬರೆಯಬೇಕು, ಇಲ್ಲದಿದ್ದರೆ ಲೈಸೆನ್ಸ್ ಹೋಗುತ್ತದೆ. ಅಷ್ಟರಲ್ಲಿ ನಲ್ಲಿ ಗೊರಗೊರ ಎಂದಿತು.

"ನೀರು ಬರಾದು, ಹೋಗಾದು ತಾನೆ?" ಎಂದರು ನಸ್ರೀನ್‌ಬೀ. "ಬರ್ಕಳ್ರಿ. ಈಗ ಆರೂ ಇಪ್ಪತ್ತು. ಬಂತು. ನಿಮ್ ಚಂದ್ರನ ಕೆಲ್ಸ ಈ ಓಣೀಲಿ ನೀರುಗಂಟಿ ಮಾಡ್ತಾನೆ."

ಹಾಗೆ ಶುರುವಾಯಿತು. ನೀರುಗಂಟಿ ವಾಲ್ವು ತಿರುಗಿಸಿದಾಗ ಹಿರಿಯೂರಿನಲ್ಲಿ ಉಬ್ಬರ, ನಿಲ್ಲಿಸಿದಾಗ ಇಳಿತ. ಅವನು ಒಂದು ದಿನ ಬೆಳಿಗ್ಗೆ ಬಿಡುವನು, ಇನ್ನೊಂದು ದಿನ ಮಧ್ಯಾಹ್ನ. ನೀರು ಬಾರದ ದಿನಗಳಿಗೆ ನಸ್ರೀನ್‌ಬೀಯೇ ಅಂದಾಜಿನಿಂದ ಒಂದು ಉಬ್ಬರ ಹೊಂದಿಸುತ್ತಿದ್ದರು. ಅತ್ತ ಕಾಟಯ್ಯ ದಿನವೂ ಬೆಳಿಗ್ಗೆ ಆರು ಗಂಟೆ ಎಂದು ಬರೆದ. ಇಪ್ಪತ್ತು ದಿನಕ್ಕೆ ಅವನಿಗೆ ನೋಟಿಸು ಬಂತು. ಉಬ್ಬರ ದಿನದಿಂದ ದಿನಕ್ಕೆ ಮುಂದೆ ಸರಿಯುತ್ತದೆ, ನಿಮ್ಮದು ಅಲುಗುತ್ತಿಲ್ಲ, ದಾಖಲೆ ಸುಳ್ಳೆಂದು ಕಾಣುತ್ತದೆ, ವಿವರಣೆ ಕೊಡಿ. ಲಾಲ್ ಸಾಬರದು ಮಾತ್ರ ಸರಿದಾಡುತ್ತಿತ್ತು. ಮೇಲಿನ ಕಚೇರಿಯವರು ಅದನ್ನು ನೋಡಿ, ಒಳನಾಡಿನಲ್ಲಿ ಇಷ್ಟು ನಂಬಿಕಸ್ಥ ಮೀನುಗಾರ ಇದ್ದಾನೆಯೇ ಎಂದು ಬೆರಗಾದರಂತೆ. ಸಭೆಯೊಂದರಲ್ಲಿ ಅವರ ಹೆಸರು ಹೇಳಿದರಂತೆ. ಲಾಲ್ ಸಾಬರಿಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಸುಳ್ಳಿಗಾದರೂ ಸರಿ, ಜನ್ಮದಲ್ಲಿ ಮೊದಲ ಸಲ ಯಾರೋ ಅವರನ್ನು ಹೊಗಳಿದ್ದರು.

ಆ ಖುಷಿಗೆ ಆಷಾಢದಲ್ಲಿ ಏಟು ಬಿತ್ತು. ಮೂರು ತಿಂಗಳು ಮುಗಿಯುವ ದಿನ ದೊಡ್ಡ ಸಾಹೇಬರೇ ಕಣಿವೆಗೆ ಬರುತ್ತಾರೆ, ಲಾಲ್ ಸಾಬರ ತೆಪ್ಪದಲ್ಲಿ ಕೂತು ಸುರಕ್ಷಿತ ಮೀನುಗಾರಿಕೆಯ ಪ್ರಾತ್ಯಕ್ಷಿಕೆ ನೋಡುತ್ತಾರೆ, ಇಳಿದ ಮೇಲೆ ಅವರ ಕೈಯಿಂದಲೇ ಲೈಸೆನ್ಸ್ ಕೊಡಿಸುತ್ತೇನೆ ಎಂದು ಕಿರಣ್‌ಕುಮಾರ್ ಫೋನ್ ಮಾಡಿದರು.

ದಂಡೆಯಲ್ಲಿ ಶಾಮಿಯಾನ ಹಾಕಿದರು. ಕುರ್ಚಿ, ಮೈಕು, ಬ್ಯಾನರು ಎಲ್ಲ ಬಂದವು. ಅದೇ ಕಡಲು, ಅದೇ ಮುಳುಗುವ ಸೂರ್ಯ. ಸಾಹೇಬರು ಒಂದೂವರೆಗೆ ಬಂದು ಊಟ ಮಾಡಿದರು. ತೋರಣಕ್ಕೆ ಕಟ್ಟಿದ್ದ ಮಾವಿನೆಲೆ ಅಲುಗದಷ್ಟು ಗಾಳಿ ಸತ್ತಿತ್ತು. ಲೈಫ್ ಜಾಕೆಟ್ ಹಾಕಿಕೊಂಡು ಸಾಹೇಬರು ಫೋಟೋಕ್ಕೆ ನಿಂತರು. ಹೊಟ್ಟೆ ದೊಡ್ಡದಾದ್ದರಿಂದ ಮುಂದಿನ ಪಟ್ಟಿ ಕೂಡಲಿಲ್ಲ. ಕೂಡದಿದ್ದರೂ ಪರವಾಗಿಲ್ಲ, ಫೋಟೋದಲ್ಲಿ ಕಾಣುವುದಿಲ್ಲ ಎಂದರು ಫೋಟೋದವರು.

ಲಾಲ್ ಸಾಬರು ತೆಪ್ಪವನ್ನು ನೀರಿಗೆ ನೂಕಿ, ಹಗ್ಗ ಹಿಡಿದು, ರೂಢಿಯಂತೆ ಪಡುವಣ ಗುಡ್ಡ ನೋಡಿದರು. ಮೂರು ಫ್ಯಾನುಗಳಲ್ಲಿ ಒಂದು ಮೆಲ್ಲಗೆ ಮುಖ ತಿರುಗಿಸುತ್ತಿತ್ತು. ನೋಡುತ್ತಿದ್ದಂತೆ ಎರಡನೆಯದೂ ತಿರುಗಿತು.

"ಸಾರ್, ಈಗ ಬ್ಯಾಡ" ಎಂದರು.

ಕಿರಣ್‌ಕುಮಾರ್‌ಗೆ ಅರ್ಥವಾಗಲಿಲ್ಲ. "ಯಾಕ್ರೀ? ನೀರು ಕನ್ನಡಿ ಥರ ಇದೆ."

"ಗಾಳಿ ಬರ್ತಾ ಐತೆ ಸಾರ್. ಫ್ಯಾನು ನೋಡ್ರಿ."

"ಗಾಳಿ ಎಲ್ಲಿದೆ?" ಎಂದು ಸಾಹೇಬರು ಸುತ್ತ ನೋಡಿದರು. ಕಿರಣ್‌ಕುಮಾರ್ ಮೊಬೈಲು ತೆಗೆದು ಲಾಲ್ ಸಾಬರ ದಾಖಲೆಯನ್ನೇ ಅವರ ಮುಂದೆ ಹಿಡಿದರು. "ನೀವೇ ಬೆಳಿಗ್ಗೆ ಹಾಕಿದ್ದೀರಲ್ಲ, ಒಂದೂ ಐವತ್ತಕ್ಕೆ ಉಬ್ಬರ ಅಂತ. ಈಗ ಎರಡು. ಉಬ್ಬರ ತುಂಬಿ ನೀರು ನಿಂತಿದೆ. ಪುಸ್ತಕದ ಪ್ರಕಾರ ಇದಕ್ಕಿಂತ ಸುರಕ್ಷಿತ ಹೊತ್ತು ಇಲ್ಲ. ಹತ್ತೇ ನಿಮಿಷ, ಲಾಲ್ ಸಾಬ್ರೇ. ಸಾಹೇಬರು ಅಷ್ಟು ದೂರದಿಂದ ಬಂದಿದ್ದಾರೆ."

ಬೆಳಗಿನ ಆ ದಾಖಲೆ ನಸ್ರೀನ್‌ಬೀ ಹಾಕಿದ್ದು. ಮಧ್ಯಾಹ್ನ ನೀರು ಬಿಡುತ್ತೇನೆಂದು ನೀರುಗಂಟಿ ಹೇಳಿ ಹೋಗಿದ್ದ. ದಾಖಲೆ ನಿಜವೆಂದರೆ ಸಾಹೇಬರನ್ನು ನೀರಿಗೆ ಕರೆದೊಯ್ಯಬೇಕು. ಸುಳ್ಳೆಂದರೆ ಲೈಸೆನ್ಸು ಹೋಯಿತು, ಅದರ ಜೊತೆ ಮೂವತ್ತನಾಲ್ಕು ವರ್ಷದ ಕಸುಬೂ ಹೋಯಿತು. ಅಷ್ಟು ದೂರದಿಂದ ಬಂದಿದ್ದಾರೆ ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಚಿಕ್ಕತಿಮ್ಮಪ್ಪನ ಬೀಗರೂ ಅಷ್ಟು ದೂರದಿಂದಲೇ ಬಂದಿದ್ದರು. ಹಿಂದೆ ನಿಂತಿದ್ದ ಕಾಟಯ್ಯ ಗುಡ್ಡ ನೋಡಿದ, ಲಾಲ್ ಸಾಬರ ಮುಖ ನೋಡಿದ. ಸಾಹೇಬರು ಆಗಲೇ ಒಂದು ಕಾಲನ್ನು ತೆಪ್ಪದೊಳಗೆ ಇಟ್ಟಿದ್ದರು.

ಲಾಲ್ ಸಾಬರು ಹಗ್ಗ ಬಿಟ್ಟು ಸಾಹೇಬರ ರಟ್ಟೆ ಹಿಡಿದರು. "ಇಳೀರಿ ಸಾರ್. ಅದು ಕಣ್ವೆ ಉಬ್ರ ಅಲ್ಲ. ನಮ್ಮನೆ ನಲ್ಲಿ ನೀರು."

ಮೈಕು ಆನ್ ಇತ್ತು. ಮಾತು ಶಾಮಿಯಾನಕ್ಕೆಲ್ಲ ಕೇಳಿಸಿತು.

"ಹಾಗಂದ್ರೆ ಮೂರು ತಿಂಗಳ ದಾಖಲೆ ಸುಳ್ಳಾ?" ಎಂದರು ಸಾಹೇಬರು.

"ದಾಖ್ಲೆ ನಿಜಾನೆ ಸಾರ್. ನಲ್ಲಿದು. ಕಣ್ವೇಲಿ ಉಬ್ರಾನೂ ಇಲ್ಲ, ಇಳ್ತಾನೂ ಇಲ್ಲ. ಇರಾದು ಗಾಳಿ ಒಂದೇ. ಲೈಸೆನ್ಸ್ ಕೊಡ್ರಿ, ಬಿಡ್ರಿ, ನಾನಂತೂ ಈಗ ತೆಪ್ಪ ಬಿಡಲ್ಲ. ಆಗಲ್ಲ."

ಸಾಹೇಬರು ತೆಪ್ಪದಲ್ಲಿದ್ದ ಕಾಲನ್ನು ಹಿಂದಕ್ಕೆ ತೆಗೆದರು. ಮುಖ ಕೆಂಪಾಯಿತು. ಬೈಯಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಮಾವಿನೆಲೆಗಳು ಪಟಪಟ ಎಂದವು. ಬ್ಯಾನರಿನ ಕಡಲು ಹೊಟ್ಟೆ ಉಬ್ಬಿಸಿಕೊಂಡು ಕಂಬದಿಂದ ಕಿತ್ತು ಬಂತು. ಶಾಮಿಯಾನ ಮೇಲೆದ್ದು, ಎರಡು ಕುರ್ಚಿಗಳನ್ನು ಜೊತೆಗೆ ಕರೆದುಕೊಂಡು ನೀರಿಗೆ ಹೋಯಿತು. ಬಿಟ್ಟ ಹಗ್ಗದ ಖಾಲಿ ತೆಪ್ಪ ದಂಡೆಯಿಂದ ಮೂವತ್ತು ಮಾರು ಸರಿದು, ಒಂದು ಸುತ್ತು ತಿರುಗಿ, ಬೋರಲು ಬಿತ್ತು. ಕನ್ನಡಿಯಂತಿದ್ದ ನೀರಿನಲ್ಲಿ ಈಗ ಮಂಡಿಯೆತ್ತರದ ಅಲೆಗಳು ಏಳುತ್ತಿದ್ದವು. ಸಾಹೇಬರು ಬಾಯಿ ಮುಚ್ಚಿದರು. ಕೂಡದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜೀಪಿನ ಕಡೆ ನಡೆದರು.

ಹದಿನೈದು ದಿನ ಲಾಲ್ ಸಾಬರು ಬಲೆ ಬಿಡಲಿಲ್ಲ. ತೆಪ್ಪವನ್ನು ತಂದು ತೇಪೆ ಹಾಕಿ ಟಾರು ಬಳಿದರು. ಇನ್ನು ಮೇಲೆ ಇದನ್ನು ಯಾರಿಗೆ ಮಾರುವುದು ಎಂದು ಯೋಚಿಸುತ್ತ ಮತ್ತೊಂದು ಸಲ ಬಳಿದರು. ನಸ್ರೀನ್‌ಬೀ ಕನ್ನಡಕ್ಕೆ ಬರಲೇ ಇಲ್ಲ. ಅವರು ಹಂಗಿಸದಿದ್ದದ್ದೇ ಲಾಲ್ ಸಾಬರಿಗೆ ಹೆಚ್ಚು ಭಯ ಹುಟ್ಟಿಸಿತು.

ಹದಿನಾರನೆಯ ದಿನ ಕಿರಣ್‌ಕುಮಾರ್ ಮನೆ ಬಾಗಿಲಿಗೇ ಬಂದು ಲೈಸೆನ್ಸ್ ಕೊಟ್ಟರು. ಲಾಲ್ ಸಾಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಾರ್, ನಾನು ಎಲ್ಲಾರ್ ಮುಂದೆ ನಿಜ ಹೇಳ್ದ್‌ನಲ್ಲ?"

"ಹೇಳಿದ್ರಿ. ನಾನೂ ವರದಿ ಬರೆಯೋಕೆ ಕೂತೆ. ಕಾರ್ಯಕ್ರಮ ನಿಲ್ಲಿಸಿದ್ದಕ್ಕೆ ಕಾರಣ ಏನು ಅನ್ನೋ ಕಡೆ ಎರಡೇ ಇದೆ, ಉಬ್ಬರ ಅಥವಾ ಇಳಿತ. ಗಾಳಿ ಅಂತ ಇಲ್ಲವೇ ಇಲ್ಲ. ಉಬ್ಬರ ಅಂತ ಒತ್ತಿದೆ." ಕಿರಣ್‌ಕುಮಾರ್ ಚಹಾ ಕುಡಿದು ಲೋಟ ಕೆಳಗಿಟ್ಟರು. "ಅನಿರೀಕ್ಷಿತ ಉಬ್ಬರದಲ್ಲಿ ಸಾಹೇಬರನ್ನು ಕಾಪಾಡಿದ ತರಬೇತಾದ ಮೀನುಗಾರ ಅಂತ ಮೇಲಿನವರು ನಿಮ್ಮನ್ನ ಮೆಚ್ಚಿದ್ದಾರೆ. ದಾಖಲೆ ಮಾತ್ರ ದಿನಾ ಹಾಕ್ತಾ ಇರಬೇಕು. ನಿಂತ್ರೆ ಲೈಸೆನ್ಸ್ ತಾನಾಗೇ ರದ್ದಾಗುತ್ತೆ."

ನಿಜ ಹೇಳಿದ್ದಕ್ಕೆ ಶಿಕ್ಷೆ ಆಗಲಿಲ್ಲ, ಆದರೆ ಇನ್ನು ಬದುಕಿರುವವರೆಗೆ ದಿನಕ್ಕೆರಡು ಸುಳ್ಳು ಬರೆಯಬೇಕು ಎಂದು ಲಾಲ್ ಸಾಬರಿಗೆ ಕಸಿವಿಸಿಯಾಯಿತು.

ಆ ಕಸಿವಿಸಿಯನ್ನು ಕಳೆದವನು ಕಾಟಯ್ಯ. ವರದಿಯ ಫಲವಾಗಿ ಕಣಿವೆಯ ದಂಡೆಯಲ್ಲಿ ಒಂದು ಬೋರ್ಡು ನಿಂತಿತ್ತು: "ಎಚ್ಚರಿಕೆ! ಉಬ್ಬರ ಬಂದಾಗ ನೀರಿಗೆ ಇಳಿಯಬೇಡಿ." ಒಂದು ಮಧ್ಯಾಹ್ನ ಪಡುವಣ ಫ್ಯಾನುಗಳು ತಿರುಗಿದಾಗ ಕಾಟಯ್ಯ ಆ ಬೋರ್ಡಿಗೆ ಒರಗಿ ನಿಂತಿದ್ದ. ನೀರಿನ ಮೇಲಿದ್ದವರನ್ನು ಕರೆಯಲು ಬಾಯಿಗೆ ಬಂದದ್ದನ್ನೇ ಕೂಗಿದ. "ಲೇ, ಉಬ್ರ ಬಂತು, ದಡ ಸೇರ್ರಿ!" ಮೊದಮೊದಲು ತಮಾಷೆಗೆ ಎಲ್ಲರೂ ಹಾಗೆಂದರು. ಆಮೇಲೆ ತಮಾಷೆ ಮರೆತುಹೋಯಿತು, ಮಾತು ಉಳಿಯಿತು. ಕಣಿವೆಯಲ್ಲಿ ಈಗ ಉಬ್ಬರವೆಂದರೆ ಗಾಳಿ. ಲಾಲ್ ಸಾಬರು ನಲ್ಲಿ ನೋಡುವುದು ಬಿಟ್ಟು, ಫ್ಯಾನು ತಿರುಗಿದ ಹೊತ್ತನ್ನು ಉಬ್ಬರದ ಕಾಲಮಿಗೆ ಹಾಕತೊಡಗಿದರು. ಫ್ಯಾನು ನಿಂತ ಹೊತ್ತು ಇಳಿತ. ಹೋಗದ ದಿನ 'ಹೋಗಲಿಲ್ಲ' ಎಂದು ಬರೆದರು. ಚಿಕ್ಕತಿಮ್ಮಪ್ಪನ ಪಾಠಕ್ಕೆ ಕೊನೆಗೂ ಒಂದು ಕಾಲಂ ಸಿಕ್ಕಿತೆಂದು ಅವರಿಗೆ ಸಮಾಧಾನವಾಯಿತು.

ಈ ವರ್ಷದ ಆಷಾಢದಲ್ಲಿ ಒಂದು ಭಾನುವಾರ ಕಿರಣ್‌ಕುಮಾರ್ ಫೋನ್ ಮಾಡಿದರು.

"ಲಾಲ್ ಸಾಬ್ರೇ, ನಿಮ್ಮ ಉಬ್ಬರ ಯಾಕೋ ಚಂದ್ರನಿಗೆ ಹೊಂದ್ತಾ ಇಲ್ಲ ಅಂತ ಮೇಲಿನವರು ಕೇಳ್ತಿದ್ದಾರೆ. ಬರೀ ಮಧ್ಯಾಹ್ನ ಬರುತ್ತೆ, ಕೆಲವು ದಿನ ಬರೋದೇ ಇಲ್ಲ."

"ಚಂದ್ರನ್ನ ಮುಂದಿನ ಟ್ರೈನಿಂಗಿಗೆ ಕರೀರಿ ಸಾರ್."

ಆ ಕಡೆ ನಗು ಕೇಳಿಸಿತು. "ಅದು ಇರಲಿ. ಇವತ್ತು ಮನೆಯವರನ್ನ ಕರ್ಕೊಂಡು ಕಣಿವೆ ಕಡೆ ಬರೋಣ, ತೆಪ್ಪದಲ್ಲಿ ಒಂದು ಸುತ್ತು ಹಾಕೋಣ ಅಂತಿದ್ವಿ" ಎಂದರು ಕಿರಣ್‌ಕುಮಾರ್. ದನಿ ತಗ್ಗಿತ್ತು. "ಉಬ್ಬರ ಹೇಗಿದೆ?"

ಲಾಲ್ ಸಾಬರು ದಂಡೆಯಲ್ಲೇ ಕೂತಿದ್ದರು. ತಲೆಯೆತ್ತಿ ಪಡುವಣ ಗುಡ್ಡ ನೋಡಿದರು.

"ಬರ್ತಾ ಐತೆ ಸಾರ್. ಇವತ್ತು ಬ್ಯಾಡ."

"ಸರಿ, ಹಾಗಾದ್ರೆ ಬರಲ್ಲ" ಎಂದು ಕಿರಣ್‌ಕುಮಾರ್ ಫೋನಿಟ್ಟರು.